ತಂತ್ರಾಂಶದ ಪೈಪ್‌ಲೈನ್: ಹಂಚಿಕೆಯ ಲಾಭ ಮತ್ತು ಹೊಣೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವನ್ನು ತಿಳಿಯಲು ಶಾಲೆಯ ಸೂಚನಾಫಲಕದ ಮುಂದೆ ಗುಂಪುಗೂಡಿ, ಸಂಖ್ಯೆಗಳ ಮೇಲೆ ಬೆರಳಾಡಿಸುತ್ತ ಎದೆಬಡಿತದೊಡನೆ ಹುಡುಕುತ್ತಿದ್ದ ದಿನಗಳನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಇಂದು ಅಂಗೈಯಲ್ಲಿನ ಮೊಬೈಲಿನಲ್ಲಿ ನೋಂದಣಿ ಸಂಖ್ಯೆಯನ್ನು ಒತ್ತಿದರೆ ಸಾಕು, ಅಂಕಗಳು ಕಣ್ಣೆದುರು ಮೂಡುತ್ತವೆ. ಈ ಸೌಕರ್ಯದ ಹಿಂದೆ ತಂತ್ರಾಂಶವಿದೆ, ಅದನ್ನು ಬರೆದ ತಂತ್ರಜ್ಞರಿದ್ದಾರೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಬರೆದವನ ಮೇಜಿನಿಂದ ಹೊರಟ ತಂತ್ರಾಂಶವು ಬಳಸುವವನ ಕೈಗೆ ತಲುಪುವ ಮುನ್ನ ಒಂದು ದೀರ್ಘ ಪಯಣವನ್ನು ಮುಗಿಸಬೇಕಾಗುತ್ತದೆ ಎಂಬುದು ಅಷ್ಟಾಗಿ ತಿಳಿದಿಲ್ಲ. ಬೆಂಗಳೂರಿನ ತಂತ್ರಾಂಶ ಕಚೇರಿಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳಿಗೆ ಅದು ನಿತ್ಯದ ಕೆಲಸ. ಅವರ ತಂದೆತಾಯಿಯರಿಗೂ ಗುರುಗಳಿಗೂ ಅದು ಬಹುಮಟ್ಟಿಗೆ ಕಾಣದ ಲೋಕ.

ತಂತ್ರಜ್ಞನು ಬರೆಯುವುದು ಮನುಷ್ಯರು ಓದಬಹುದಾದ ಆದೇಶಗಳ ಪಠ್ಯವನ್ನು. ಬಹುತೇಕ ಸಂದರ್ಭಗಳಲ್ಲಿ ಗಣಕಯಂತ್ರವು ಅದನ್ನು ಹಾಗೆಯೇ ಸ್ವೀಕರಿಸಲಾರದು. ಬೇರೆ ಬೇರೆಯವರು ಬರೆದ ಭಾಗಗಳನ್ನು ಒಂದೆಡೆ ಸೇರಿಸಬೇಕು. ಹೊರಗಿನಿಂದ ತರಬೇಕಾದ ಸಿದ್ಧ ಭಾಗಗಳನ್ನು ತರಿಸಬೇಕು. ಎಲ್ಲವನ್ನೂ ಯಂತ್ರಭಾಷೆಗೆ ತಿರುಗಿಸಿ ಒಂದು ಕಟ್ಟಾಗಿ ಕಟ್ಟಬೇಕು. ಇದಕ್ಕೆ ವೃತ್ತಿಯವರು ಬಿಲ್ಡ್ ಎನ್ನುತ್ತಾರೆ. ಬಳಿಕ ಆ ಕಟ್ಟನ್ನು ನೂರಾರು, ಕೆಲವೊಮ್ಮೆ ಸಾವಿರಾರು ಪರೀಕ್ಷೆಗಳಿಗೆ ಒಡ್ಡಬೇಕು. ತೇರ್ಗಡೆಯಾದುದನ್ನು ಸರ್ವರ್‌ಗಳೆಂಬ ದೊಡ್ಡ ಗಣಕಯಂತ್ರಗಳಿಗೆ ಸಾಗಿಸಿ, ಹಳೆಯದನ್ನು ನಿಲ್ಲಿಸಿ, ಹೊಸದನ್ನು ಚಾಲನೆಗೆ ತರಬೇಕು. ಇದು ಡಿಪ್ಲಾಯ್‌ಮೆಂಟ್. ಈ ಹಂತಗಳೆಲ್ಲ ಒಂದರ ಹಿಂದೊಂದು ತಾವಾಗಿಯೇ ನಡೆಯುವಂತೆ ಏರ್ಪಡಿಸಿದ ವ್ಯವಸ್ಥೆಗೆ ಪೈಪ್‌ಲೈನ್ ಎಂಬ ಹೆಸರು ರೂಢಿಯಾಗಿದೆ. ಕೊಳವೆಸಾಲು ಎಂದು ಕನ್ನಡಿಸಬಹುದಾದರೂ ಆ ಮಾತು ಕೇಳಿದವರಿಗೆ ನೀರು ಸರಬರಾಜಿನ ನೆನಪಾಗುವುದೇ ಹೆಚ್ಚು. ಆದುದರಿಂದ ರೂಢಿಯ ಮಾತನ್ನೇ ಇಲ್ಲಿ ಬಳಸಲಾಗಿದೆ.

ಇಷ್ಟು ಕೆಲಸವನ್ನು ಒಬ್ಬ ಜಾಣ ನೌಕರನು ಕೈಯಿಂದಲೇ ಮಾಡಲಾರನೇ ಎಂಬ ಪ್ರಶ್ನೆ ಸಹಜ. ಮಾಡಬಲ್ಲ, ಬಹುಕಾಲ ಹಾಗೆಯೇ ನಡೆಯಿತು. ಅದರಲ್ಲಿನ ಅಪಾಯವನ್ನು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರ ಸಂಸ್ಥೆಯ ದುರಂತಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಮತ್ತೊಂದು ಸಿಗಲಾರದು. 2012ರ ಜುಲೈ ಕೊನೆಯಲ್ಲಿ ಆ ಸಂಸ್ಥೆಯು ತನ್ನ ಎಂಟು ಸರ್ವರ್‌ಗಳಿಗೆ ಹೊಸ ತಂತ್ರಾಂಶವನ್ನು ದಿನಕ್ಕಿಷ್ಟರಂತೆ ಅಳವಡಿಸಿತು. ಆ ಕೆಲಸದಲ್ಲಿದ್ದ ತಂತ್ರಜ್ಞನು ಏಳು ಸರ್ವರ್‌ಗಳಿಗೆ ಹೊಸ ಕೋಡನ್ನು ನಕಲಿಸಿ, ಎಂಟನೆಯದಕ್ಕೆ ನಕಲಿಸುವುದನ್ನು ಮರೆತ. ಇನ್ನೊಬ್ಬರು ಅದನ್ನು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಸಂಸ್ಥೆಯಲ್ಲಿ ಇರಲಿಲ್ಲ. ಎಂಟನೆಯ ಸರ್ವರ್‌ನಲ್ಲಿ 2003ರಲ್ಲಿಯೇ ಬಳಕೆ ತಪ್ಪಿದ, ಆದರೆ ಅಳಿಸದೆ ಉಳಿದ ಹಳೆಯ ಕೋಡಿನ ಒಂದು ಭಾಗ ನಿದ್ರಿಸುತ್ತಿತ್ತು. ಹೊಸ ತಂತ್ರಾಂಶಕ್ಕೆಂದು ಬಳಸಿದ ಸಂಕೇತವೇ ಆ ಹಳೆಯ ಭಾಗವನ್ನು ಎಚ್ಚರಿಸುವ ಸಂಕೇತವೂ ಆಗಿತ್ತು.

ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆಯಿತು. ಗ್ರಾಹಕರಿಂದ ಬಂದ 212 ಬೇಡಿಕೆಗಳನ್ನು ಪೂರೈಸುವ ಭರದಲ್ಲಿ ಆ ಒಂದು ಸರ್ವರ್ ಸುಮಾರು 45 ನಿಮಿಷಗಳೊಳಗೆ 40 ಲಕ್ಷಕ್ಕೂ ಹೆಚ್ಚು ಆದೇಶಗಳನ್ನು ಮಾರುಕಟ್ಟೆಗೆ ಸುರಿಯಿತು. ಗಾಬರಿಗೊಂಡ ಸಿಬ್ಬಂದಿಯು ದೋಷ ಹೊಸ ಕೋಡಿನಲ್ಲಿದೆಯೆಂದು ಬಗೆದು, ಸರಿಯಾಗಿದ್ದ ಏಳು ಸರ್ವರ್‌ಗಳಿಂದಲೂ ಅದನ್ನು ತೆಗೆದುಹಾಕಿತು. ಪರಿಣಾಮವಾಗಿ ಆ ಏಳೂ ಎಂಟನೆಯದರ ಹಾದಿಯನ್ನೇ ಹಿಡಿದವು. ಒಟ್ಟು ನಷ್ಟ 46 ಕೋಟಿ ಡಾಲರ್‌ಗೂ ಮಿಗಿಲು. ಮರುವರ್ಷ ಆ ಸಂಸ್ಥೆ ಸ್ವತಂತ್ರವಾಗಿ ಉಳಿಯದೆ ಮತ್ತೊಂದರಲ್ಲಿ ವಿಲೀನವಾಯಿತು. ಮರೆತವನು ಅಸಮರ್ಥನಾಗಿದ್ದನೆಂದು ಯಾರೂ ಹೇಳಿಲ್ಲ. ಒಂದೇ ಕೆಲಸವನ್ನು ಎಂಟು ಬಾರಿ ಕೈಯಿಂದ ಮಾಡುವ ಯಾವನೇ ಆಗಲಿ, ಒಂದಲ್ಲ ಒಂದು ದಿನ ಏಳಕ್ಕೆ ನಿಲ್ಲಿಸಿಬಿಡುತ್ತಾನೆ.

ಇಂತಹ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಯತ್ನ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಸ್ಟುವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ಮೇಕ್ ಎಂಬ ಸಾಧನವನ್ನು ರಚಿಸಿದರು. ಯಾವ ಭಾಗ ಯಾವ ಭಾಗವನ್ನು ಅವಲಂಬಿಸಿದೆ ಎಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟರೆ, ಬದಲಾದುದನ್ನು ಮಾತ್ರ ಅದು ಮತ್ತೆ ಕಟ್ಟುತ್ತಿತ್ತು. ಪ್ರತಿಯೊಬ್ಬ ತಂತ್ರಜ್ಞನ ಬರವಣಿಗೆಯನ್ನೂ ದಿನದಿನವೂ ಒಟ್ಟುಗೂಡಿಸಿ ಪರೀಕ್ಷಿಸುವ ಪದ್ಧತಿ 1990ರ ದಶಕದ ಕೊನೆಯಲ್ಲಿ ಬಲವಾಗಿ ಬೇರೂರಿತು. ಆ ಕೆಲಸಕ್ಕೆಂದು 2001ರಲ್ಲಿ ಕ್ರೂಸ್‌ಕಂಟ್ರೋಲ್ ಬಂದಿತು. ಜಪಾನಿನ ಕೊಹ್ಸುಕೆ ಕವಾಗುಚಿ ಅವರು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿದ್ದಾಗ ರಚಿಸಿದ ಹಡ್ಸನ್, 2011ರಲ್ಲಿ ಹೆಸರಿನ ವಿವಾದದಿಂದಾಗಿ ಜೆಂಕಿನ್ಸ್ ಆಗಿ ಜಗತ್ತಿನಾದ್ಯಂತ ಹರಡಿತು. ಆರಂಭದಲ್ಲಿ ಇವುಗಳ ಹಂತಗಳನ್ನು ಪರದೆಯ ಮೇಲಿನ ಪೆಟ್ಟಿಗೆಗಳಲ್ಲಿ ಒಂದೊಂದಾಗಿ ತುಂಬಬೇಕಾಗಿತ್ತು. ಕ್ರಮೇಣ ಪೈಪ್‌ಲೈನನ್ನೇ ಒಂದು ಪಠ್ಯವಾಗಿ ಬರೆದು, ತಂತ್ರಾಂಶದ ಮೂಲ ಕೋಡ್ ಇರುವ ಕೋಶದಲ್ಲಿಯೇ ಇರಿಸುವ ಕ್ರಮ ನೆಲೆಗೊಂಡಿತು. 2016ರಲ್ಲಿ ಬಂದ ಜೆಂಕಿನ್ಸ್‌ನ ಎರಡನೆಯ ಆವೃತ್ತಿಯು ಅದನ್ನು ತನ್ನ ಮುಖ್ಯ ರೀತಿಯನ್ನಾಗಿ ಮಾಡಿಕೊಂಡಿತು. ಹೀಗೆ ಪೈಪ್‌ಲೈನ್ ಎಂಬುದೂ ಕೋಡ್ ಆಯಿತು. ಕೋಡ್ ಆದ ಮೇಲೆ ಕೋಡಿನ ಗುಣದೋಷಗಳೆಲ್ಲ ಅದಕ್ಕೂ ಅಂಟಿಕೊಂಡವು.

ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯನ್ನು ನೆನೆದರೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಇನ್ನೂರು ಮಕ್ಕಳಿಗೆ ಸಾರು ಮಾಡುವ ಹಿರಿಯ ಅಡುಗೆಯವರಿಗೆ ಅಳತೆಯ ಪಾತ್ರೆ ಬೇಕಾಗಿಲ್ಲ. ಉಪ್ಪು ಎಷ್ಟೆಂದರೆ ಕೈ ತೋರಿಸುತ್ತಾರೆ. ಅವರು ಊರಿನ ಜಾತ್ರೆಗೆ ಹೋದ ವಾರ ಮಕ್ಕಳ ಊಟ ಕೆಡುತ್ತದೆ. ಆಗ ಯಾರಾದರೂ ಅಳತೆಗಳನ್ನು ಚೀಟಿಯಲ್ಲಿ ಬರೆದಿಡುತ್ತಾರೆ. ಪಕ್ಕದ ಊರಿನ ನಿಲಯದವರು ಆ ಚೀಟಿಯನ್ನು ನಕಲು ಮಾಡಿಕೊಳ್ಳುತ್ತಾರೆ; ಅವರಿಂದ ಮತ್ತೊಬ್ಬರು. ಒಂದೆಡೆ ಹುಣಿಸೆ ಹೆಚ್ಚುತ್ತದೆ, ಇನ್ನೊಂದೆಡೆ ಒಂದು ಸಾಲೇ ಬಿಟ್ಟುಹೋಗುತ್ತದೆ. ಮೂಲ ಚೀಟಿಯಲ್ಲಿ ತಪ್ಪಿದ್ದುದು ಗೊತ್ತಾಗಿ ತಿದ್ದಿದ ದಿನ, ಆ ತಿದ್ದುಪಡಿ ಉಳಿದ ಚೀಟಿಗಳಿಗೆ ತಲುಪುವುದೇ ಇಲ್ಲ.

ತಂತ್ರಾಂಶ ಸಂಸ್ಥೆಗಳಲ್ಲಿ ನಡೆದುದೂ ಇದೇ. ಮಧ್ಯಮ ಗಾತ್ರದ ಒಂದು ಸಂಸ್ಥೆಯಲ್ಲಿ ಐವತ್ತು, ನೂರು ಪ್ರತ್ಯೇಕ ಯೋಜನೆಗಳಿರುವುದು ಸಾಮಾನ್ಯ. ಹೊಸ ಯೋಜನೆ ಆರಂಭಿಸುವವನು ಪೈಪ್‌ಲೈನಿನ ಕಡತವನ್ನು ಶೂನ್ಯದಿಂದ ಬರೆಯುವುದಿಲ್ಲ. ಪಕ್ಕದವನ ಕಡತವನ್ನು ನಕಲಿಸಿ ಹೆಸರು ಬದಲಿಸುತ್ತಾನೆ. ಮೊದಲ ದಿನ ಎರಡೂ ಒಂದೇ. ವರ್ಷ ಕಳೆಯುವುದರೊಳಗೆ ಒಬ್ಬನು ಪರೀಕ್ಷೆಯ ಹಂತವನ್ನು ತಡವಾಗುತ್ತದೆಂದು ತೆಗೆದಿರುತ್ತಾನೆ, ಮತ್ತೊಬ್ಬನು ಜಾವಾದ ಹಳೆಯ ಆವೃತ್ತಿಯಲ್ಲಿಯೇ ನಿಂತಿರುತ್ತಾನೆ, ಮೂರನೆಯವನು ಗುಪ್ತಪದವನ್ನು ಕಡತದಲ್ಲಿಯೇ ಬರೆದಿಟ್ಟು ಮರೆತಿರುತ್ತಾನೆ. ನಕಲು ಮಾಡುವುದು ಸೋಮಾರಿತನವೆಂದು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ: ಎರಡು ಯೋಜನೆಗಳಿರುವಾಗ ನಕಲೇ ಎಲ್ಲಕ್ಕಿಂತ ಅಗ್ಗದ ಮತ್ತು ತಿಳಿಯಾದ ಉಪಾಯ. ಸಂಖ್ಯೆ ಬೆಳೆದಾಗ ಅದರ ಬೆಲೆ ತೆರಬೇಕಾಗುತ್ತದೆ.

ಬೆಲೆ ತೆರಬೇಕಾದ ದಿನ 2021ರ ಡಿಸೆಂಬರ್‌ನಲ್ಲಿ ಅನೇಕ ಸಂಸ್ಥೆಗಳಿಗೆ ಒಮ್ಮೆಲೇ ಬಂದಿತು. ಲಾಗ್‌ಫೋರ್‌ಜೆ ಎಂಬ, ಜಾವಾ ಭಾಷೆಯ ಅಸಂಖ್ಯ ತಂತ್ರಾಂಶಗಳೊಳಗೆ ಅಡಗಿರುವ ಒಂದು ಸಣ್ಣ ಸಿದ್ಧ ಭಾಗದಲ್ಲಿ ಗಂಭೀರ ಭದ್ರತಾದೋಷ ಬಯಲಾಯಿತು. ದೂರದಲ್ಲಿ ಕುಳಿತ ಅಪರಿಚಿತನು ಅದರ ಮೂಲಕ ಸರ್ವರನ್ನು ತನ್ನ ಆದೇಶದಂತೆ ನಡೆಸಬಹುದಾಗಿತ್ತು. ಪ್ರತಿ ಸಂಸ್ಥೆಯ ಮುಂದಿದ್ದ ಪ್ರಶ್ನೆ ಒಂದೇ: ನಮ್ಮ ಯಾವ ಯಾವ ಯೋಜನೆಗಳಲ್ಲಿ ಇದು ಸೇರಿಕೊಂಡಿದೆ? ಎಲ್ಲ ಯೋಜನೆಗಳೂ ಒಂದೇ ಹಂಚಿಕೆಯ ಪೈಪ್‌ಲೈನಿನ ಮೂಲಕ ಹಾಯುವಂತಿದ್ದಲ್ಲಿ, ಶೋಧನೆಯ ಹಂತವೊಂದನ್ನು ಅಲ್ಲಿ ಒಮ್ಮೆ ಸೇರಿಸಿದರೆ ಉತ್ತರ ಸಿಕ್ಕುತ್ತಿತ್ತು. ನೂರು ನಕಲುಗಳಿದ್ದಲ್ಲಿ ನೂರು ಕಡತಗಳನ್ನು ಒಂದೊಂದಾಗಿ ತೆರೆಯಬೇಕಾಗಿತ್ತು. ಅವುಗಳಲ್ಲಿ ಕೆಲವನ್ನು ಬರೆದವರು ಕೆಲಸ ಬಿಟ್ಟು ಹೋಗಿ ವರ್ಷಗಳಾಗಿರುತ್ತಿದ್ದವು.

ಒಮ್ಮೆ ಬರೆದುದನ್ನು ಎಲ್ಲರೂ ಬಳಸುವಂತೆ ಇರಿಸುವ ವಿಚಾರ ಗಣಕಯಂತ್ರದಷ್ಟೇ ಹಳೆಯದು ಎಂದರೆ ಅತಿಶಯೋಕ್ತಿಯಾಗಲಾರದು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 1949ರ ಮೇ ತಿಂಗಳಲ್ಲಿ ಎಡ್ಸ್ಯಾಕ್ ಎಂಬ ಗಣಕಯಂತ್ರವು ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದನ್ನು ಬಳಸುವವರು ವರ್ಗಮೂಲ, ಘಾತಾಂಕ ಮುಂತಾದ ಲೆಕ್ಕಗಳನ್ನು ಮತ್ತೆ ಮತ್ತೆ ಬರೆಯುವುದನ್ನು ತಪ್ಪಿಸಲು, ಅವನ್ನು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಿದ್ಧಪಡಿಸಿ ಒಂದು ಸಂಗ್ರಹದಲ್ಲಿ ಇಡಲಾಗುತ್ತಿತ್ತು. ಬೇಕಾದವರು ತಮಗೆ ಬೇಕಾದ ಪಟ್ಟಿಯನ್ನು ಅಲ್ಲಿಂದ ತೆಗೆದು ತಮ್ಮ ಪಟ್ಟಿಯೊಳಗೆ ನಕಲಿಸಿಕೊಳ್ಳುತ್ತಿದ್ದರು. ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಈ ಮೂವರೂ 1951ರಲ್ಲಿ ಆ ಸಂಗ್ರಹವನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಮರುವರ್ಷ ವೀಲರ್ ಬರೆದ ಎರಡು ಪುಟದ ಚಿಕ್ಕ ಲೇಖನವೊಂದರಲ್ಲಿ ಇಂದಿಗೂ ಹಳತಾಗದ ಒಂದು ಮಾತಿದೆ. ಹಂಚಿಕೊಳ್ಳಲು ಯೋಗ್ಯವಾದುದನ್ನು ಸಿದ್ಧಪಡಿಸುವ ಶ್ರಮ, ತನ್ನೊಬ್ಬನಿಗಾಗಿ ಬರೆದುಕೊಳ್ಳುವ ಶ್ರಮಕ್ಕಿಂತ ಬಹಳ ದೊಡ್ಡದು. ಬರೆದು ಪರೀಕ್ಷಿಸಿದ ಮೇಲೆಯೂ, ಒಳಗಿನ ಮರ್ಮವನ್ನು ಅರಿಯದವರು ಬಳಸುವಂತೆ ಅದರ ವಿವರಣೆಯನ್ನು ಬರೆಯುವುದು ಉಳಿದೇ ಇರುತ್ತದೆ, ಬಹುಶಃ ಅದೇ ಎಲ್ಲಕ್ಕಿಂತ ಕಠಿಣವಾದ ಕೆಲಸ ಎಂಬುದು ಅವರ ಅಭಿಪ್ರಾಯದ ಸಾರ.

ಪೈಪ್‌ಲೈನುಗಳಿಗೆ ಈ ವಿಚಾರ ಅನ್ವಯವಾದುದು ಬಹಳ ತಡವಾಗಿ. ಜೆಂಕಿನ್ಸ್‌ನಲ್ಲಿ ಅದಕ್ಕೆ ಹಂಚಿಕೆಯ ಲೈಬ್ರರಿ ಎಂಬ ಏರ್ಪಾಡಿದೆ: ಗ್ರೂವಿ ಎಂಬ ಭಾಷೆಯಲ್ಲಿ ಬರೆದ ಹಂತಗಳನ್ನು ಪ್ರತ್ಯೇಕ ಕೋಶದಲ್ಲಿ ಇರಿಸಿದರೆ, ಯಾವುದೇ ಯೋಜನೆಯ ಕಡತವು ಒಂದು ಸಾಲಿನಲ್ಲಿ ಅದನ್ನು ಕರೆಯಿಸಿಕೊಳ್ಳಬಹುದು. ಗಿಟ್‌ಲ್ಯಾಬ್ ತಾಣದಲ್ಲಿ ಬೇರೊಂದು ಕೋಶದ ಕಡತವನ್ನು ತನ್ನೊಳಗೆ ಸೇರಿಸಿಕೊಳ್ಳುವ ಇನ್‌ಕ್ಲೂಡ್ ಎಂಬ ಸೂಚನೆಯಿದೆ. ಸರ್ಕಲ್‌ಸಿಐ 2018ರಲ್ಲಿ ಆರ್ಬ್ ಎಂಬ ಹೆಸರಿನ ಸಿದ್ಧ ಪೊಟ್ಟಣಗಳನ್ನು ತಂದಿತು. ಗಿಟ್‌ಹಬ್ 2021ರ ನವೆಂಬರ್‌ನಲ್ಲಿ, ಇಡೀ ಪೈಪ್‌ಲೈನನ್ನು ಇನ್ನೊಂದು ಪೈಪ್‌ಲೈನಿನೊಳಗಿಂದ ಕರೆಯುವ ಸೌಲಭ್ಯವನ್ನು ಎಲ್ಲರ ಬಳಕೆಗೆ ಬಿಟ್ಟಿತು. ಹೆಸರುಗಳು ಬೇರೆ ಬೇರೆಯಾದರೂ ತತ್ತ್ವ ಒಂದೇ. ನೂರು ಸಾಲಿನ ಕಡತವಿದ್ದ ಕಡೆ ಐದಾರು ಸಾಲು ಉಳಿಯುತ್ತದೆ. ಈ ಯೋಜನೆಯ ಹೆಸರೇನು, ಯಾವ ಭಾಷೆಯದು, ಎಲ್ಲಿಗೆ ಸಾಗಿಸಬೇಕು ಎಂಬಷ್ಟನ್ನು ಅದು ತಿಳಿಸಿ, ಉಳಿದುದನ್ನು ಮೂಲದ ಕೈಗೆ ಬಿಡುತ್ತದೆ.

ಕನ್ನಡಿಗರ ಕಣ್ಣಿಗೆ ನಿತ್ಯ ಬೀಳುವ ಒಂದು ವಸ್ತುವಿನ ಹಿಂದೆಯೂ ಇದೇ ರೀತಿಯ ಏರ್ಪಾಡಿದೆ. ಗೂಗಲ್ ಪೋಷಿಸುತ್ತಿರುವ ನೋಟೊ ಎಂಬ ಅಕ್ಷರಮಾಲೆಯು ಜಗತ್ತಿನ ನೂರೈವತ್ತಕ್ಕೂ ಹೆಚ್ಚು ಲಿಪಿಗಳನ್ನು ಒಳಗೊಂಡಿದೆ. ಅನೇಕ ಮೊಬೈಲುಗಳಲ್ಲಿ ಕನ್ನಡ ಮೂಡುವುದು ಆ ಅಕ್ಷರಗಳಲ್ಲಿಯೇ. ಕನ್ನಡಕ್ಕೆ ಒಂದು ಕೋಶ, ತೆಲುಗಿಗೆ ಒಂದು, ತಮಿಳಿಗೆ ಒಂದು, ಹೀಗೆ ಒಂದೊಂದು ಲಿಪಿಯ ಮೂಲ ರೇಖಾಚಿತ್ರಗಳನ್ನೂ ಪ್ರತ್ಯೇಕವಾಗಿ ಇರಿಸಲಾಗಿದೆ. ಒತ್ತಕ್ಷರಗಳ ಜೋಡಣೆ ಕನ್ನಡದ್ದೇ ಆದ ಸಮಸ್ಯೆ. ಅದನ್ನು ಬಲ್ಲವರು ಕನ್ನಡದ ಕೋಶದಲ್ಲಿ ದುಡಿಯುತ್ತಾರೆ. ಆದರೆ ರೇಖಾಚಿತ್ರಗಳಿಂದ ಬಳಕೆಗೆ ಯೋಗ್ಯವಾದ ಫಾಂಟ್ ಕಡತವನ್ನು ಕಟ್ಟುವ ವಿಧಾನ ಎಲ್ಲ ಲಿಪಿಗಳಿಗೂ ಬಹುಮಟ್ಟಿಗೆ ಒಂದೇ ಆದುದರಿಂದ, ನೋಟೊಬಿಲ್ಡರ್ ಎಂಬ ಸಾಮಾನ್ಯ ಸಾಧನವೊಂದನ್ನು ಅವೆಲ್ಲವೂ ಹಂಚಿಕೊಳ್ಳುತ್ತವೆ. ಬಳಸುವವರು ಬೆರಳೆಣಿಕೆಯಷ್ಟಿರುವ ಲಿಪಿಗೂ ಕೋಟ್ಯಂತರ ಜನರ ಲಿಪಿಗೂ ಸಲ್ಲುವ ಸಾಧನ ಅದೇ. ಹಂಚಿಕೆಯ ನಿಜವಾದ ಲಾಭ ಇಲ್ಲಿ ಕಾಣುತ್ತದೆ: ಸ್ವಂತ ಪೈಪ್‌ಲೈನ್ ಕಟ್ಟಿಕೊಳ್ಳುವ ಶಕ್ತಿಯಿಲ್ಲದ ಸಣ್ಣ ಯೋಜನೆಗೆ ಅದು ದೊಡ್ಡ ಯೋಜನೆಯ ಗುಣಮಟ್ಟವನ್ನು ಒದಗಿಸುತ್ತದೆ.

ಇಷ್ಟು ಲಾಭವಿದ್ದ ಮೇಲೆ ಎಲ್ಲರೂ ಏಕೆ ಹಂಚಿಕೊಳ್ಳಬಾರದು? ಮತ್ತೆ ಅಡುಗೆಮನೆಗೆ ಮರಳಬೇಕು. ಹತ್ತು ನಿಲಯಗಳಿಗೂ ಒಂದೇ ಕೊಪ್ಪರಿಗೆಯಲ್ಲಿ ಸಾರು ಕುದಿಸಿದರೆ ಸೌದೆ ಉಳಿಯುತ್ತದೆ, ಆಳು ಉಳಿಯುತ್ತಾರೆ. ಆದರೆ ಉಪ್ಪು ಹೆಚ್ಚಾದ ದಿನ ಹತ್ತು ನಿಲಯಗಳ ಮಕ್ಕಳೂ ಎಲೆ ಬಿಟ್ಟೇಳುತ್ತಾರೆ. ಹಂಚಿಕೆಯ ಪೈಪ್‌ಲೈನಿನಲ್ಲಿ ಸಂಜೆ ಐದು ಗಂಟೆಗೆ ಮಾಡಿದ ಒಂದಕ್ಷರದ ತಪ್ಪು, ಸಂಸ್ಥೆಯ ಎಲ್ಲ ತಂಡಗಳ ಕೆಲಸವನ್ನೂ ಏಕಕಾಲದಲ್ಲಿ ನಿಲ್ಲಿಸಬಲ್ಲದು. ತಪ್ಪು ಮಾಡಿದವನಿಗೆ ತಾನು ಯಾರ ಕೆಲಸ ಕೆಡಿಸಿದೆನೆಂಬುದು ತಿಳಿದಿರುವುದಿಲ್ಲ. ಕೆಲಸ ಕೆಟ್ಟವನಿಗೆ ತಪ್ಪು ಎಲ್ಲಿದೆಯೆಂಬುದು ಕಾಣುವುದಿಲ್ಲ, ಅವನ ಕಡತದಲ್ಲಿ ಏನೂ ಬದಲಾಗಿಲ್ಲವಲ್ಲ!

ಇದಕ್ಕೆ ಕಂಡುಕೊಂಡ ಪರಿಹಾರ ಆವೃತ್ತಿಯ ಗುರುತು. ಹಂಚಿಕೆಯ ಕೋಡಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟು, ಬಳಸುವವನು ತನಗೆ ಇಂತಹ ಆವೃತ್ತಿಯೇ ಬೇಕೆಂದು ಹೆಸರಿಸುತ್ತಾನೆ. ಮೂಲದಲ್ಲಿ ನಾಲ್ಕನೆಯ ಆವೃತ್ತಿ ಬಂದರೂ ಅವನು ತಾನಾಗಿ ಬದಲಿಸುವವರೆಗೆ ಮೂರರಲ್ಲಿಯೇ ಇರುತ್ತಾನೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಗಮನಿಸದೆ ಕೆಟ್ಟವರು ಅನೇಕರು. ಸಂಖ್ಯೆಯ ಗುರುತೆಂಬುದು ಮರದ ಮೇಲೆ ಅಂಟಿಸಿದ ಚೀಟಿಯಿದ್ದಂತೆ. ಕೋಶದ ಯಜಮಾನನು ಅದನ್ನು ಕಿತ್ತು ಬೇರೆ ಮರಕ್ಕೆ ಅಂಟಿಸಬಹುದು. ಅದಕ್ಕೆ ಬದಲಾಗಿ, ಕೋಡಿನ ಅಕ್ಷರ ಅಕ್ಷರವನ್ನೂ ಲೆಕ್ಕ ಹಾಕಿ ಪಡೆದ 40 ಅಂಕಾಕ್ಷರಗಳ ಮುದ್ರೆಯೊಂದಿದೆ. ಕೋಡಿನಲ್ಲಿ ಒಂದು ಚುಕ್ಕಿ ಬದಲಾದರೂ ಆ ಮುದ್ರೆ ಬೇರೆಯಾಗುತ್ತದೆ. ಚೀಟಿಯನ್ನು ನಂಬುವುದಕ್ಕೂ ಮುದ್ರೆಯನ್ನು ನಂಬುವುದಕ್ಕೂ ಇರುವ ಅಂತರ ಎಷ್ಟೆಂಬುದು 2025ರ ಮಾರ್ಚ್‌ನಲ್ಲಿ ಲೋಕಕ್ಕೆ ತಿಳಿಯಿತು.

ಗಿಟ್‌ಹಬ್ ತಾಣದಲ್ಲಿ, ಯಾವ ಯಾವ ಕಡತಗಳು ಬದಲಾಗಿವೆ ಎಂಬುದನ್ನು ಪತ್ತೆಹಚ್ಚುವ ಸಣ್ಣದೊಂದು ಸಿದ್ಧ ಹಂತವಿತ್ತು. ಟಿಜೆ-ಆಕ್ಷನ್ಸ್ ಎಂಬ ಗುಂಪಿನ ಹೆಸರಿನಲ್ಲಿದ್ದ ಅದನ್ನು 23,000ಕ್ಕೂ ಹೆಚ್ಚು ಕೋಶಗಳು ತಮ್ಮ ಪೈಪ್‌ಲೈನಿನಲ್ಲಿ ಸೇರಿಸಿಕೊಂಡಿದ್ದವು. ದುಷ್ಕರ್ಮಿಗಳು ಹೇಗೋ ಅದರ ಒಳಗೆ ನುಸುಳಿ, ಹಳೆಯ ಆವೃತ್ತಿಗಳ ಚೀಟಿಗಳನ್ನೆಲ್ಲ ಕಿತ್ತು ತಾವು ಬರೆದ ಕೇಡಿನ ಕೋಡಿಗೆ ಅಂಟಿಸಿದರು. ವರ್ಷದ ಹಿಂದೆ ತಾನು ಪರೀಕ್ಷಿಸಿ ಆರಿಸಿಕೊಂಡ ಆವೃತ್ತಿಯನ್ನೇ ಬಳಸುತ್ತಿರುವೆನೆಂದು ನಂಬಿದವನ ಪೈಪ್‌ಲೈನಿನಲ್ಲಿಯೂ ಆ ಕೇಡೇ ಓಡಿತು. ಅದು ಪೈಪ್‌ಲೈನಿನ ನೆನಪಿನಲ್ಲಿದ್ದ ಗುಪ್ತಪದಗಳನ್ನೂ ಕೀಲಿಗಳನ್ನೂ ಹೆಕ್ಕಿ ದಿನಚರಿಯ ಕಡತದಲ್ಲಿ ಬರೆದಿಡುತ್ತಿತ್ತು. ಬಹಿರಂಗ ಕೋಶಗಳಲ್ಲಿ ಆ ದಿನಚರಿಯನ್ನು ಯಾರು ಬೇಕಾದರೂ ಓದಬಹುದು. ಮೊದಲೇ 40 ಅಂಕಾಕ್ಷರಗಳ ಮುದ್ರೆಯನ್ನು ಹೆಸರಿಸಿದ್ದವರಿಗೆ ಮಾತ್ರ ಏನೂ ಆಗಲಿಲ್ಲ.

ಪೈಪ್‌ಲೈನಿನ ಮೇಲೆಯೇ ದಾಳಿಕೋರರ ಕಣ್ಣು ಏಕೆ? ಬೀಗದ ಕೈಗಳೆಲ್ಲ ಅಲ್ಲಿರುತ್ತವೆ. ಸರ್ವರ್‌ಗಳ ಬಾಗಿಲು ತೆರೆದು ಹೊಸ ತಂತ್ರಾಂಶವನ್ನು ಒಳಗಿಡುವ ಅಧಿಕಾರ ಅದಕ್ಕೆ ಇರಲೇಬೇಕು, ಇಲ್ಲದಿದ್ದರೆ ಅದರ ಕೆಲಸ ಸಾಗದು. 2020ರ ಡಿಸೆಂಬರ್‌ನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ ದಾಳಿಕೋರರು ಮೂಲ ಕೋಡಿನ ಕೋಶವನ್ನು ಮುಟ್ಟದೆ, ಅದನ್ನು ಕಟ್ಟುವ ಹೊತ್ತಿನಲ್ಲಿ ವಿಷ ಬೆರೆಸಿದ್ದರು. ಸಂಸ್ಥೆಯ ಸಹಿಯೊಡನೆ ಹೊರಬಿದ್ದ ಆ ಕಟ್ಟು ಸುಮಾರು 18,000 ಗ್ರಾಹಕರಿಗೆ ತಲುಪಿತು. ಜೆಂಕಿನ್ಸ್‌ನ ಅಧಿಕೃತ ಕೈಪಿಡಿಯೂ, ಸರ್ವಸಾಮಾನ್ಯ ಲೈಬ್ರರಿಯ ಕೋಶಕ್ಕೆ ಬರೆಯುವ ಹಕ್ಕುಳ್ಳವನು ಇಡೀ ಜೆಂಕಿನ್ಸ್‌ನ ಮೇಲೆ ಮಿತಿಯಿಲ್ಲದ ಅಧಿಕಾರ ಪಡೆಯಬಹುದೆಂದು ಎಚ್ಚರಿಸುತ್ತದೆ. ಹಂಚಿಕೆಯ ಕೋಡನ್ನು ತಿದ್ದುವ ಹಕ್ಕನ್ನು ಕೊಡುವಾಗ, ಇದು ಬರಿಯ ಅನುಕೂಲದ ಕಡತವಲ್ಲ, ಖಜಾನೆಯ ಬೀಗದ ಕೈ ಎಂದು ಭಾವಿಸಬೇಕಾಗುತ್ತದೆ. ಬದಲಾವಣೆಯನ್ನು ಬರೆದವನಲ್ಲದೆ ಮತ್ತೊಬ್ಬನೂ ಓದಿ ಒಪ್ಪಬೇಕೆಂಬ ನಿಯಮ ಬೇರೆಲ್ಲಿ ಸಡಿಲವಾದರೂ ಇಲ್ಲಿ ಸಡಿಲವಾಗಕೂಡದು.

ಹಾಗೆಂದು ಎಲ್ಲರೂ ಮುದ್ರೆ ಹಿಡಿದು ಹಳೆಯದರಲ್ಲಿಯೇ ಕುಳಿತರೆ, ನಕಲಿನ ಕಾಲದ ತೊಂದರೆಯೇ ಹಿಂಬಾಗಿಲಿನಿಂದ ಮರಳಿದಂತಾಗುತ್ತದೆ. ಲಾಗ್‌ಫೋರ್‌ಜೆಯಂತಹ ಆಪತ್ತಿನ ದಿನ ಮೂಲದಲ್ಲಿ ಸೇರಿಸಿದ ಶೋಧನೆಯ ಹಂತ ಯಾರಿಗೂ ತಲುಪುವುದಿಲ್ಲ. ಈ ಇಕ್ಕಟ್ಟಿಗೆ ಪೂರ್ಣ ಪರಿಹಾರವಿಲ್ಲ. ಇದೆಯೆಂದು ಹೇಳುವವರು ಯಾವುದೋ ಸಾಧನವನ್ನು ಮಾರಲು ಬಂದವರಾಗಿರುತ್ತಾರೆ. ಹೊಸ ಆವೃತ್ತಿ ಬಂದೊಡನೆ ಪ್ರತಿ ಯೋಜನೆಗೂ ಮುದ್ರೆ ಬದಲಿಸುವ ಪ್ರಸ್ತಾವವನ್ನು ತಾವಾಗಿ ಕಳುಹಿಸುವ ಡಿಪೆಂಡಬಾಟ್, ರೆನೊವೇಟ್ ಮುಂತಾದ ಸಾಧನಗಳು ಶ್ರಮವನ್ನು ತಗ್ಗಿಸುತ್ತವೆ. ಪ್ರಸ್ತಾವವನ್ನು ಒಪ್ಪುವ ಮುನ್ನ ಯೋಜನೆಯ ಪರೀಕ್ಷೆಗಳು ಓಡುತ್ತವೆ. ಕೆಟ್ಟರೆ ಆ ಒಂದು ಯೋಜನೆಯಲ್ಲಿ ಕೆಡುತ್ತದೆ. ಸಂಸ್ಥೆಯ ಹೊರಗಿನವರು ಬರೆದುದಕ್ಕೆ ಮುದ್ರೆಯೇ ಬೇಕು, ಒಳಗಿನವರು ಬರೆದು ಕಾಪಾಡುವುದಕ್ಕೆ ಆವೃತ್ತಿಯ ಚೀಟಿ ಸಾಕು ಎಂಬ ನಡುದಾರಿಯನ್ನು ಅನೇಕರು ಹಿಡಿದಿದ್ದಾರೆ. ಅದು ವಿವೇಕದ ಹಾದಿಯೆಂದೇ ತೋರುತ್ತದೆ.

ಎಲ್ಲರಿಗೂ ಒಮ್ಮೆಲೇ ಬಡಿಸದೆ, ಮೊದಲು ಕೆಲವರಿಗೆ ಬಡಿಸಿ ನೋಡುವ ಕ್ರಮವೂ ಉಂಟು. ವಿಕಿಮೀಡಿಯ ಸಂಸ್ಥೆಯು ನೂರಾರು ಭಾಷೆಗಳ ವಿಕಿಗಳನ್ನು ಒಂದೇ ತಂತ್ರಾಂಶದಿಂದ ನಡೆಸುತ್ತದೆ. ಅದರ ಹೊಸ ಆವೃತ್ತಿಯು ಸಾಮಾನ್ಯ ವಾರಗಳಲ್ಲಿ ಮಂಗಳವಾರ ಪರೀಕ್ಷಾರ್ಥ ವಿಕಿಗಳಿಗೆ, ಬುಧವಾರ ವಿಕಿಪೀಡಿಯವಲ್ಲದ ಇತರ ಯೋಜನೆಗಳಿಗೆ ಮತ್ತು ತಾವಾಗಿ ಮುಂದೆ ಬಂದ ಕೆಲವು ವಿಕಿಪೀಡಿಯಗಳಿಗೆ, ಗುರುವಾರ ಕನ್ನಡವೂ ಸೇರಿದಂತೆ ಉಳಿದ ವಿಕಿಪೀಡಿಯಗಳಿಗೆ ತಲುಪುತ್ತದೆ. ಆ ಸಂಸ್ಥೆಯವರು ಇದನ್ನು ರೈಲು ಎಂದೇ ಕರೆಯುತ್ತಾರೆ; ಮಂಗಳವಾರ ಹಳಿ ತಪ್ಪಿದರೆ ಗುರುವಾರದ ನಿಲ್ದಾಣಕ್ಕೆ ಅದು ಬರುವುದೇ ಇಲ್ಲ. ಹಂಚಿಕೆಯ ಪೈಪ್‌ಲೈನನ್ನು ಬದಲಿಸುವವರೂ ಹೀಗೆ ಮೊದಲು ಒಂದೆರಡು ಸಣ್ಣ ಯೋಜನೆಗಳಲ್ಲಿ ಓಡಿಸಿ, ಬಳಿಕ ಉಳಿದವಕ್ಕೆ ವಿಸ್ತರಿಸಿದರೆ ಅನೇಕ ಅವಾಂತರಗಳು ತಪ್ಪುತ್ತವೆ. ಪೈಪ್‌ಲೈನಿನ ಕೋಡಿಗೇ ಪರೀಕ್ಷೆಗಳನ್ನು ಬರೆಯುವವರು ಮಾತ್ರ ಇನ್ನೂ ವಿರಳ. ಊರವರ ಬಟ್ಟೆ ಹೊಲಿಯುವ ದರ್ಜಿಯ ಅಂಗಿಯೇ ಹರಿದಿರುವಂತೆ!

ಯಂತ್ರದ ತೊಡಕುಗಳಿಗಿಂತ ಮನುಷ್ಯರ ತೊಡಕು ದೊಡ್ಡದು. ಹಂಚಿಕೆಯ ಪೈಪ್‌ಲೈನ್ ಮೊದಲು ಸರಳವಾಗಿರುತ್ತದೆ. ಒಂದು ತಂಡ ಬಂದು, ತಮಗೆ ಈ ಒಂದು ಹಂತ ಬೇಡವೆನ್ನುತ್ತದೆ. ಅದಕ್ಕಾಗಿ ಒಂದು ಐಚ್ಛಿಕ ಗುಂಡಿ ಸೇರುತ್ತದೆ. ಇನ್ನೊಂದು ತಂಡಕ್ಕೆ ಅದೇ ಹಂತ ಎರಡು ಬಾರಿ ಬೇಕು. ಹೀಗೆ ಮೂರು ವರ್ಷಗಳಲ್ಲಿ ನಲವತ್ತು ಗುಂಡಿಗಳಾಗಿ, ಯಾವುದನ್ನು ಒತ್ತಿದರೆ ಏನಾಗುವುದೆಂಬುದು ಬರೆದವನಿಗೂ ತಿಳಿಯದಂತಾಗುತ್ತದೆ. ಇಂತಹ ಸ್ಥಿತಿಗಿಂತ ಹತ್ತು ನಕಲುಗಳೇ ಮೇಲು ಎಂದು ಅನುಭವಿಗಳು ಹೇಳಿದರೆ ಅದನ್ನು ಹಟವೆಂದು ತಳ್ಳಿಹಾಕುವಂತಿಲ್ಲ. ಇಡೀ ಪೈಪ್‌ಲೈನನ್ನು ಒಂದೇ ಅಚ್ಚಿನಲ್ಲಿ ಎರಕಹೊಯ್ಯುವುದಕ್ಕಿಂತ, ಬಿಲ್ಡ್‌ಗೆ ಒಂದು, ಶೋಧನೆಗೆ ಒಂದು, ಸಾಗಣೆಗೆ ಒಂದು ಎಂದು ಸಣ್ಣ ತುಂಡುಗಳನ್ನು ಸಿದ್ಧಪಡಿಸಿ, ಜೋಡಿಸಿಕೊಳ್ಳುವ ಸ್ವಾತಂತ್ರ್ಯವನ್ನು ಆಯಾ ತಂಡಕ್ಕೆ ಬಿಡುವುದು ಹೆಚ್ಚು ಕಾಲ ಬಾಳುವುದೆಂದು ಕಂಡುಬಂದಿದೆ. ವಿಶಿಷ್ಟ ಅಗತ್ಯವುಳ್ಳ ಯೋಜನೆಯು ಹೊರನಡೆದು ತನ್ನದನ್ನು ತಾನೇ ಬರೆದುಕೊಳ್ಳಲು ಬಾಗಿಲು ತೆರೆದಿರಬೇಕು.

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಕಾಪಾಡುವವರು ಯಾರು ಎಂಬುದು. ಉತ್ಸಾಹಿ ತರುಣನೊಬ್ಬನು ಬಿಡುವಿನ ವೇಳೆಯಲ್ಲಿ ಬರೆದ ಲೈಬ್ರರಿಯನ್ನು ಮೂವತ್ತು ತಂಡಗಳು ಬಳಸತೊಡಗಿ, ಅವನು ಬೇರೆ ಸಂಸ್ಥೆಗೆ ಹೊರಟುಹೋದ ಮೇಲೆ ಅದನ್ನು ಮುಟ್ಟಲು ಯಾರೂ ಧೈರ್ಯ ಮಾಡದಿರುವ ಸ್ಥಿತಿ ವೃತ್ತಿಯವರಿಗೆ ಹೊಸದಲ್ಲ. ಹೊಸ ತಂತ್ರಾಂಶಕ್ಕೆ ಹಣ ದೊರೆಯುತ್ತದೆ, ಅದಕ್ಕೆ ಉದ್ಘಾಟನೆಯಿದೆ, ಹಾರತುರಾಯಿಗಳಿವೆ. ಪೈಪ್‌ಲೈನ್ ಕಾಪಾಡುವವನ ಹೆಸರು ಕೇಳಿಬರುವುದು ಅದು ನಿಂತ ದಿನ ಮಾತ್ರ. ಕಟ್ಟಡಕ್ಕೆ ದಾನ ಮಾಡುವವರು ಬಹಳ, ಸುಣ್ಣಬಣ್ಣಕ್ಕೆ ಕೊಡುವವರು ವಿರಳ ಎಂಬುದನ್ನು ಸಂಸ್ಥೆ ನಡೆಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವೀಲರ್ ಹೇಳಿದ ವಿವರಣೆಯ ಬರವಣಿಗೆಯೂ ಇದೇ ಕಾರಣದಿಂದ ನಾಳೆಗೆ ಮುಂದೂಡಲ್ಪಡುತ್ತದೆ.

ಹಲವರು ಬಳಸತೊಡಗಿದ ವಸ್ತುವನ್ನು ಬದಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ಮೊದಲು ಹೇಳಿದ ಮೇಕ್ ಸಾಧನದ ಕಥೆಯೇ ಸಾಕ್ಷಿ. ಅದರ ಕಡತದಲ್ಲಿ ಆದೇಶದ ಸಾಲುಗಳನ್ನು ಟ್ಯಾಬ್ ಕೀಲಿಯ ಖಾಲಿ ಜಾಗದಿಂದಲೇ ಆರಂಭಿಸಬೇಕೆಂಬ ನಿಯಮವಿದೆ. ಸಾಧಾರಣ ಖಾಲಿ ಜಾಗಗಳನ್ನು ಒತ್ತಿದರೆ ಕಣ್ಣಿಗೆ ಎರಡೂ ಒಂದೇ ಆಗಿ ಕಂಡರೂ ಮೇಕ್ ಒಪ್ಪುವುದಿಲ್ಲ. ಹೊಸಬರು ಇದರಿಂದ ಪಡುವ ಪಾಡು ಅಷ್ಟಿಷ್ಟಲ್ಲ. ಈ ನಿಯಮ ಸರಿಯಲ್ಲವೆಂಬುದು ಫೆಲ್ಡ್‌ಮನ್ ಅವರಿಗೆ ಬರೆದ ಕೆಲವೇ ವಾರಗಳಲ್ಲಿ ಮನದಟ್ಟಾಗಿತ್ತು. ಆದರೆ ಅಷ್ಟರಲ್ಲಿ ಸುಮಾರು ಹನ್ನೆರಡು ಮಂದಿ, ಹೆಚ್ಚಿನವರು ಅವರ ಸ್ನೇಹಿತರೇ, ಮೇಕ್ ಬಳಸತೊಡಗಿದ್ದರು. ಅವರ ಕಡತಗಳು ಕೆಡಬಾರದೆಂದು ಅವರು ಅದನ್ನು ಹಾಗೆಯೇ ಬಿಟ್ಟರು. 2010ರಲ್ಲಿ ಗ್ನೂ ಮೇಕ್‌ನವರು ಬೇಕಾದವರು ಬೇರೆ ಚಿಹ್ನೆಯನ್ನು ಆರಿಸಿಕೊಳ್ಳುವ ಅವಕಾಶ ಮಾಡಿಕೊಟ್ಟರಾದರೂ ಅದನ್ನು ಬಳಸಿದವರು ಕಡಿಮೆ. ಆ ಹನ್ನೆರಡು ಮಂದಿಯ ಕಡತಗಳು ಇಂದು ಎಲ್ಲಿವೆಯೋ. ಜಗತ್ತಿನ ಗಣಕತಂತ್ರಜ್ಞರು ಇಂದಿಗೂ ಮೇಕ್ ಕಡತದ ಸಾಲಿನ ಮೊದಲಿಗೆ ಟ್ಯಾಬ್ ಒತ್ತುತ್ತಲೇ ಇದ್ದಾರೆ.